ಚಾರ್ಮಾಡಿಯಲ್ಲಿ ಮಂಜುನಾಥಸ್ವಾಮಿ ಲೆಕ್ಕ

ಜುಲೈ ಮಳೆಯಲ್ಲಿ ಚಾರ್ಮಾಡಿ ಇಳಿಯುತ್ತೇನೆ ಅಂದಾಗ ಹಾಸನದ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಆದರೆ ಅಮ್ಮನಿಗೆ ಧರ್ಮಸ್ಥಳದ ಹರಕೆ ತೀರಿಸಲೇಬೇಕಿತ್ತು. ಶಿರಾಡಿ ಕಡೆಯಿಂದ ಹೋದರೆ ಲಾರಿಗಳ ಸಾಲು. ಕೊನೆಗೆ ಅಮ್ಮ ತನ್ನ ತಮ್ಮನನ್ನು ಕರೆಸಿದಳು. ಘಾಟಿ ರಸ್ತೆಗಳಲ್ಲೇ ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು ಮಾವ. ಅವರೇ ಸ್ಟಿಯರಿಂಗ್ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅವರು ಎಡಗಡೆ ಸೀಟಿನಲ್ಲಿ ಕೂತು, "ಕಾರು ನಿಂದು, ಓಡಿಸೋಳೂ ನೀನೇ. ನಡಿ ಪುಟ್ಟಿ" ಅಂದರು.

ನಡಿ ಅಂದವರು ಮತ್ತೆ ಇಳಿದರು. ಕಾರಿನ ಸುತ್ತ ಒಂದು ಸುತ್ತು ಬಂದರು. ನಾಲ್ಕೂ ಟೈರಿನ ಗೀರುಗಳೊಳಗೆ ಉಗುರು ಇಟ್ಟು ನೋಡಿದರು. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಆಳ ಉಳಿದಿದ್ದರೆ ಸಾಕು. "ಅದು ಕಾನೂನಿಗೆ ಸಾಕು, ಮಲೆನಾಡಿನ ಮಳೆಗೆ ಸಾಲಲ್ಲ" ಅಂದರು. ನನ್ನ ಟೈರು ಪಾಸಾಯಿತು, ವೈಪರ್ ಫೇಲಾಯಿತು. ಅದನ್ನು ಬದಲಾಯಿಸಿಕೊಂಡು ಹೊರಡುವಷ್ಟರಲ್ಲಿ ಎಂಟು ಗಂಟೆ.

ಅಮ್ಮನದು ಇನ್ನೊಂದು ರಗಳೆ. "ಹಿಂದೆ ಕೂತವರಿಗೂ ಬೆಲ್ಟಾ? ಸೀರೆ ಮುದುಡುತ್ತೆ ಕಣೋ."

"ಅವಳು ಬ್ರೇಕ್ ಹಾಕಿದ್ರೆ ನೀನು ಬಂದು ನನ್ನ ಬೆನ್ನಿಗೇ ಬೀಳೋದು ಅಕ್ಕ. ಹಾಕ್ಕೋ."

ಹಾಕಿಕೊಂಡಳು. ಧರ್ಮಸ್ಥಳದವರೆಗೂ ಗೊಣಗಿದಳು, ಅದು ಬೇರೆ ಮಾತು.

ಹಗರೆ ದಾಟಿದ ಮೇಲೆ ನನ್ನ ಜಂಬ ಇಳಿಯಿತು. ರಸ್ತೆ ನೇರವಾಗಿತ್ತು, ಎಪ್ಪತ್ತೈದರಲ್ಲಿದ್ದೆ. ತಗ್ಗೊಂದರಲ್ಲಿ ನೀರು ನಿಂತಿತ್ತು. ಕಾರು ಅದರ ಮೇಲೆ ಹೋದದ್ದೇ ಸ್ಟಿಯರಿಂಗ್ ಹಗುರವಾಯಿತು. ಕೈಯಲ್ಲಿ ಚಕ್ರ ಇದೆ, ಅದರ ಕೆಳಗೆ ಏನೂ ಇಲ್ಲ, ಹಾಗೆ. ಕಾಲು ತಾನಾಗಿಯೇ ಬ್ರೇಕ್ ಕಡೆ ಹೋಯಿತು.

"ಬ್ರೇಕ್ ಬೇಡ! ಆಕ್ಸಿಲರೇಟರ್ ಬಿಡು. ನೆಟ್ಟಗೆ ಹಿಡ್ಕೋ."

ಎರಡು ಕ್ಷಣ ಅಷ್ಟೇ. ಟೈರಿಗೆ ಮತ್ತೆ ನೆಲ ಸಿಕ್ಕಿತು. ಟೈರು ನೀರನ್ನು ಪಕ್ಕಕ್ಕೆ ತಳ್ಳುವುದಕ್ಕಿಂತ ವೇಗವಾಗಿ ನಾವು ಹೋದರೆ ಕಾರು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕ್ ತುಳಿದರೆ ಚಕ್ರ ನಿಲ್ಲಬಹುದು, ಕಾರು ನಿಲ್ಲುವುದಿಲ್ಲ. ಸ್ಟಿಯರಿಂಗ್ ಎಳೆದಿದ್ದರೆ, ನೆಲ ಸಿಕ್ಕ ತಕ್ಷಣ ಕಾರು ಆ ಕಡೆಗೇ ಹಾರುತ್ತಿತ್ತು. ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸ್ವಲ್ಪ ಹೊತ್ತಿಗೆ ಅವರು ಮೆಲ್ಲಗೆ "ಮಂಜುನಾಥಸ್ವಾಮಿ, ಮಂಜುನಾಥಸ್ವಾಮಿ" ಅನ್ನತೊಡಗಿದರು. ನನ್ನ ಡ್ರೈವಿಂಗಿಗೆ ಹೆದರಿ ದೇವರನ್ನು ಕರೆಯುತ್ತಿದ್ದಾರೆ ಅಂದುಕೊಂಡೆ. ಅಮ್ಮನೂ ಹಿಂದಿನಿಂದ ಭಕ್ತಿಯಿಂದ ದನಿಗೂಡಿಸಿದಳು. ಆಮೇಲೆ ಗೊತ್ತಾಯಿತು, ಅದು ಪ್ರಾರ್ಥನೆಯಲ್ಲ, ಎಣಿಕೆ. ಮುಂದಿನ ಗಾಡಿ ಒಂದು ಕಿಲೋಮೀಟರ್ ಕಲ್ಲು ದಾಟಿದಾಗ ಶುರು ಮಾಡಬೇಕು, ನಮ್ಮ ಗಾಡಿ ಅದೇ ಕಲ್ಲು ದಾಟಿದಾಗ ನಿಲ್ಲಿಸಬೇಕು. ಒಂದು ಸಲ ಹೇಳಲು ಹೆಚ್ಚುಕಡಿಮೆ ಒಂದು ಸೆಕೆಂಡು. ಒಣ ರಸ್ತೆಯಲ್ಲಿ ಮೂರು, ಮಳೆಯಲ್ಲಿ ಆರು. ಅರವತ್ತರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಬ್ರೇಕ್ ಹಾಕೋಣ ಅಂತ ತಲೆಗೆ ಹೊಳೆದು ಕಾಲು ತಲುಪುವಷ್ಟರಲ್ಲಿ ಅಷ್ಟು ದೂರ ಕಳೆದೇ ಹೋಗಿರುತ್ತದೆ. ನನ್ನದು ಎರಡೂವರೆ ಮಂಜುನಾಥಸ್ವಾಮಿ ಇತ್ತು.

ಬೇಲೂರಿನಲ್ಲಿ ಇಳಿಯಲಿಲ್ಲ. ಚೆನ್ನಕೇಶವನಿಗೆ ಕಾರಿನಿಂದಲೇ ಕೈ ಮುಗಿದೆವು. ಮೂಡಿಗೆರೆ ಕಡೆ ಕಾಫಿ ತೋಟಗಳು ಶುರುವಾದ ಮೇಲೆ, ಆನೆ ಅಡ್ಡ ಬಂದರೆ ಏನು ಮಾಡುವುದು ಅಂತ ಕೇಳಿದೆ. ದೂರದಲ್ಲೇ ನಿಲ್ಲಬೇಕು, ಹಾರ್ನ್ ಹೊಡೆಯಬಾರದು, ಹಿಂದೆ ಹೋಗೋಕೆ ಜಾಗ ಇಟ್ಟುಕೊಂಡಿರಬೇಕು ಅಂದರು. ಆನೆ ಬರಲಿಲ್ಲ. ಬಂದದ್ದು ಎಲೆ. ಸಿಲ್ವರ್ ಓಕ್ ಎಲೆಗಳು ತಿರುವಿನಲ್ಲಿ ಒದ್ದೆಯಾಗಿ ಅಂಟಿಕೊಂಡು ಬಿದ್ದಿದ್ದವು, ಪಕ್ಕದಲ್ಲಿ ಹಸಿರು ಪಾಚಿ. "ನಂಗೆ ಆನೆಗಿಂತ ಇದ್ರ ಭಯ ಜಾಸ್ತಿ" ಅಂದರು ಮಾವ. ತಿರುವಿಗೆ ಮೊದಲೇ ವೇಗ ಇಳಿಸು, ತಿರುವಿನೊಳಗೆ ಬ್ರೇಕ್ ಮುಟ್ಟಬೇಡ ಅನ್ನುವುದನ್ನು ಅಲ್ಲೇ ನಾಲ್ಕು ಸಲ ಮಾಡಿಸಿದರು.

ಕೊಟ್ಟಿಗೆಹಾರದಲ್ಲಿ ನೀರು ದೋಸೆ. ಇದನ್ನು ಬಿಟ್ಟು ಘಾಟಿ ಇಳಿಯುವವರೂ ಇದ್ದಾರಂತೆ, ಪಾಪ. ಅಮ್ಮ ಮಾತ್ರ ಎರಡೇ ತಿಂದಳು. ತಿರುವುಗಳ ಹೆದರಿಕೆ.

ಅಲ್ಲಿಂದ ಮುಂದೆ ಮಂಜು. ಬಾನೆಟ್ಟಿನ ಆಚೆ ಬಿಳಿ ಗೋಡೆ. ಹೆಡ್‌ಲೈಟ್ ಹೈ ಮಾಡಿದೆ, ಗೋಡೆ ಇನ್ನೂ ಬಿಳಿಯಾಯಿತು. ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ ಮಾಡಿದಾಗ ರಸ್ತೆಯ ಅಂಚು ಕಂಡಿತು. ಮುಂದಿನ ಕಾರಿನವನು ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಹೋಗುತ್ತಿದ್ದ. ಮಾವನಿಗೆ ಸಿಟ್ಟು ಬಂತು. "ಅವ್ನು ನಿಂತಿದ್ದಾನೋ ಹೋಗ್ತಿದ್ದಾನೋ ಹೆಂಗೆ ಗೊತ್ತಾಗ್ಬೇಕು? ಅದು ಕೆಟ್ಟು ನಿಂತಾಗ ಹಾಕೋದು." ಅವನ ಕೆಂಪು ದೀಪ ನೋಡಿಕೊಂಡೇ ಹಿಂಬಾಲಿಸಲೂ ಬಿಡಲಿಲ್ಲ. ಅವನು ದಾರಿ ತಪ್ಪಿದರೆ ನಾವೂ ತಪ್ಪುತ್ತೇವೆ. ಎಡಗಡೆಯ ಬಿಳಿ ಗೆರೆಯೇ ದಾರಿ. ರೇಡಿಯೋ ಆರಿಸಿ, ಕಿಟಕಿ ಎರಡು ಬೆರಳಷ್ಟು ಇಳಿಸಿದೆವು. ಕಾಣದ್ದು ಕಿವಿಗೆ ಬೀಳಲಿ ಅಂತ.

ಬಿದ್ದೇ ಬಿತ್ತು. ಕೆಳಗಿನಿಂದ ಬಸ್ಸೊಂದು ಏದುಸಿರು ಬಿಡುತ್ತಾ ಹತ್ತುತ್ತಿತ್ತು. ತಿರುವಿಗೆ ಮುಂಚೆ ಅಗಲವಿದ್ದ ಕಡೆ ನಿಲ್ಲಿಸಿದೆ. ಹತ್ತುವ ಗಾಡಿಗೆ ದಾರಿ ಬಿಡಬೇಕು ಅನ್ನುವುದು ನಿಯಮವೂ ಹೌದು. ಬಸ್ಸಿನ ಮೂತಿ ಪೂರ್ತಿ ನಮ್ಮ ಕಡೆಗೆ ಬಂದು, ಆಮೇಲೆ ತಿರುಗಿತು. ಹೇರ್‌ಪಿನ್ ತಿರುವಿನಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕು. ಇದು ಗೊತ್ತಿಲ್ಲದ ಕಾರಿನವರು ಒಳಗೆ ನುಗ್ಗಿ, ಇಬ್ಬರೂ ಸಿಕ್ಕಿಹಾಕಿಕೊಂಡ ಕಥೆಗಳನ್ನು ಮಾವ ಹೇಳಿದರು. ಆ ಬಸ್ಸಿನ ಡ್ರೈವರ್ ಒಂದು ಕೈ ಎತ್ತಿದ. ಮಾವನೂ ಎತ್ತಿದರು. ಪರಿಚಯವೇನಿಲ್ಲ.

ಇಳಿಯುವಾಗ ನಾನು ಮೂರನೇ ಗೇರಿನಲ್ಲಿದ್ದೆ, ಬ್ರೇಕ್ ತುಳಿಯುತ್ತಲೇ ಇದ್ದೆ. "ಯಾವ ಗೇರಲ್ಲಿ ಹತ್ತುತ್ತೀಯೋ ಅದ್ರಲ್ಲೇ ಇಳೀಬೇಕು" ಅಂದರು. ಎರಡಕ್ಕೆ ಹಾಕಿದೆ. ಎಂಜಿನ್ನೇ ಕಾರನ್ನು ಹಿಡಿದುಕೊಂಡಿತು, ಕಾಲಿಗೆ ಬಿಡುವು ಸಿಕ್ಕಿತು. ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ನಿಂತಾಗ ಪಕ್ಕದ ಕಾರಿನ ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಬಂದಿದ್ದರಂತೆ. ಬ್ರೇಕ್ ಕಾದು ಹಿಡಿತ ಬಿಟ್ಟರೆ ಮುಂದೆ ಪ್ರಪಾತ. ಕಾರು ಪೂರ್ತಿ ತಣ್ಣಗಾಗುವವರೆಗೆ ಕದಲಬೇಡಿ ಅಂತ ಮಾವ ಅವರಿಗೆ ಹೇಳಿ ಬಂದರು. ಕೇಳಿದರೋ ಇಲ್ಲವೋ.

ಒಂದು ಕಡೆ ಜಲಪಾತ ನೋಡಲು ನಿಲ್ಲಿಸೋಣ ಅಂದೆ. ಮಾವ ಗುಡ್ಡ ನೋಡಿದರು. ಕೆಂಪು ನೀರು ಇಳಿಯುತ್ತಿತ್ತು, ರಸ್ತೆಯಲ್ಲಿ ಮುಷ್ಟಿಯಷ್ಟು ಕಲ್ಲುಗಳು ಬಿದ್ದಿದ್ದವು. "ಬೇಡ, ನಡಿ." 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ಘಾಟಿ ಮುಚ್ಚಿದ್ದು ನೆನಪಾಯಿತು. ಫೋಟೋ ಇಲ್ಲ.

ಧರ್ಮಸ್ಥಳದಲ್ಲಿ ದರ್ಶನ, ಊಟ, ರಾತ್ರಿ ಅಲ್ಲೇ. ಮಾರನೇ ದಿನ ಬೆಳಕು ಹರಿದ ಮೇಲೆಯೇ ಹೊರಟೆವು. ಹತ್ತುವಾಗ ಮಂಜು ಕಡಿಮೆ, ಮಳೆ ಅಷ್ಟೇ. ಕೊಟ್ಟಿಗೆಹಾರ ದಾಟುವ ಹೊತ್ತಿಗೆ ಮಾವ ಗೊರಕೆ ಹೊಡೆಯುತ್ತಿದ್ದರು. ನನಗೆ ಅದೇ ಸರ್ಟಿಫಿಕೇಟ್ ಅನಿಸಿತು. ಸ್ವಲ್ಪ ಜೋರು ಮಾಡಿದೆ. ಮುಂದೊಂದು ಪಿಕಪ್ ಗಾಡಿ ಇತ್ತು.

ಹಿಂದಿನ ಸೀಟಿನಿಂದ ಮೆಲ್ಲಗೆ ದನಿ ಕೇಳಿತು. ಮಂಜುನಾಥಸ್ವಾಮಿ, ಮಂಜುನಾಥಸ್ವಾಮಿ.

"ನಾಲ್ಕೇ ಆಯ್ತು ಕಣೇ" ಅಂದಳು ಅಮ್ಮ. "ಇನ್ನೆರಡು ಬಾಕಿ ಇದೆ. ಹಿಂದೆ ಉಳ್ಕೋ."