ಸಮುದ್ರದ ಹತ್ರ ಮನೆ ಬಾಡಿಗೆಗೆ ಕೊಡುದಾದ್ರೆ ಒಳಗೆ ಎಂಥೆಂಥ ಬೇಕು ಮಾರಾಯ್ರೆ

ಊರಲ್ಲಿ ಅಜ್ಜಿ ಮನೆ ಖಾಲಿ ಉಂಟು, ಟೂರಿಸ್ಟಿನವರಿಗೆ ಕೊಡುವ ಅಂತಿದ್ದೇವೆ, ಎಂಥೆಂಥ ತಕೊಳ್ಬೇಕು ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ, ಒಬ್ಬೊಬ್ಬರಿಗೂ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಹಾಕಿ ಹಾಕಿ ಸಾಕಾಯ್ತು, ಹಾಗಾಗಿ ಇಲ್ಲೇ ಬರೆದು ಹಾಕ್ತೇನೆ. ನಮ್ಮದು ಉಡುಪಿ ಹತ್ರ ಹೂಡೆ ಕಡೆ, ಅತ್ತೆಯವರ ಹಳೇ ಹಂಚಿನ ಮನೆ, ಮಲ್ಪೆಗೂ ಹತ್ರ ಕೋಡಿಬೆಂಗ್ರೆಗೂ ಹತ್ರ. ಮೊದಲೇ ಹೇಳ್ತೇನೆ, ಇನ್‌ಸ್ಟಾಗ್ರಾಮಲ್ಲಿ ಕಾಣುವ ಬಿಳಿ ಸೋಫಾ, ಕಪ್ಪು ಕಬ್ಬಿಣದ ಸ್ಟ್ಯಾಂಡು, ಗೋಡೆಗೆ ಮರದ ಪ್ಯಾನೆಲ್ಲು, ಅದೆಲ್ಲ ಘಟ್ಟದ ಮೇಲಿನ ಮನೆಗೆ ಸರಿ. ನಮ್ಮಲ್ಲಿ ಮನೆಗೆ ಸಾಮಾನು ಆರಿಸುದು ಗೆಸ್ಟ್ ಅಲ್ಲ, ಉಪ್ಪುಗಾಳಿ.

ಅಂಗಡಿಯವ ಸ್ಟೀಲು ಸ್ಟೀಲು ಅಂತ ಕೊಡುದೆಲ್ಲ ಒಂದೇ ಅಲ್ಲ ಆಯ್ತಾ. ಸಾಮಾನ್ಯವಾಗಿ ಸಿಗುದು 304 ಗ್ರೇಡು, ಸಮುದ್ರದ ಹತ್ರ ಅದಕ್ಕೂ ಕಂದು ಚುಕ್ಕೆ ಬರ್ತದೆ. 316ರಲ್ಲಿ ಸ್ವಲ್ಪ ಮಾಲಿಬ್ಡಿನಮ್ ಇರ್ತದೆ, ಉಪ್ಪಿಗೆ ಅದು ಜಾಸ್ತಿ ತಡೀತದೆ, ಆದ್ರೆ ರೇಟು ಕೇಳಿದ್ರೆ ತಲೆ ತಿರುಗ್ತದೆ, ಹಾಗಾಗಿ ಹೊರಗಿನ ಬಾಗಿಲಿನ ಹಿಂಜು ಸ್ಕ್ರೂಗಳಿಗೆ ಮಾತ್ರ ಅದನ್ನು ಹಾಕಿ. ಬೀಗ, ಚಿಲಕ ಹಿತ್ತಾಳೆಯದ್ದೇ ಇರ್ಲಿ. ಕಿಟಕಿಗೆ ಸೊಳ್ಳೆ ಬಲೆ ಬೇಕೇ ಬೇಕು, ತಂತಿಯ ಬಲೆ ಬೇಡ, ಫೈಬರ್‌ಗ್ಲಾಸಿನದ್ದು ತುಕ್ಕು ಹಿಡಿಯುದಿಲ್ಲ. ಎಸಿ ಹಾಕುದಾದ್ರೆ ಹೊರಗಿನ ಯೂನಿಟ್ಟನ್ನು ಪಡುವಣ ಗೋಡೆಗೆ ಮಾತ್ರ ಹಾಕ್ಬೇಡಿ.

ಮತ್ತೆ ಮಳೆ. ನಮ್ಮ ಜಿಲ್ಲೆಗೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೇ ಸುರೀತದೆ. ಆಗ ಹೋಟೆಲಿನ ಹಾಗೆ ದಪ್ಪ ಟರ್ಕಿ ಟವೆಲ್ ಇಟ್ರೆ ಅದು ಒಣಗುದು ಯಾವಾಗ? ತೆಳು ಬೈರಾಸು ಇಡಿ, ಜಾಸ್ತಿ ಇಡಿ. ಹಾಸಿಗೆ ಬಟ್ಟೆ ಒಂದು ಮಂಚಕ್ಕೆ ಮೂರು ಸೆಟ್ಟು ಲೆಕ್ಕ, ಹಾಸಿದ್ದೊಂದು, ಒಗೆಯಲಿಕ್ಕೆ ಹೋದದ್ದೊಂದು, ಚಾವಡಿಯ ಹಗ್ಗದಲ್ಲಿ ಇನ್ನೂ ಹಸಿಹಸಿ ಇರುದೊಂದು. ಬಿಳಿ ಬೆಡ್‌ಶೀಟು ಫೋಟೋಗೆ ಚಂದ, ತಲೆಗೆ ತೆಂಗಿನೆಣ್ಣೆ ಹಾಕುವವರು ಬಂದ್ರೆ ದಿಂಬಿನ ಕವರ್ ಗೋವಿಂದ. ಮಂಚ ಫುಲ್ ಪ್ಲೈವುಡ್ ಹೊದೆಸಿದ್ದು ಬೇಡ, ಹಲಗೆ ನಡುವೆ ಸಂದು ಇರ್ಬೇಕು, ಇಲ್ಲಾಂದ್ರೆ ಹಾಸಿಗೆ ಅಡಿಯಿಂದಲೇ ಬೂಸ್ಟು ಬರ್ತದೆ.

ಹೊರಗೆ ಕಾಲು ತೊಳೀಲಿಕ್ಕೆ ಒಂದು ನಲ್ಲಿ, ಒಂದು ಚೊಂಬು. ಬೀಚಿಂದ ಬಂದವರು ಸೀದಾ ಬಾತ್‌ರೂಮಿಗೆ ಹೋದ್ರೆ ಹೊಯ್ಗೆ ಎಲ್ಲ ಪೈಪಿಗೆ.

ಈಗ ಅಡುಗೆಮನೆ, ಅಸಲಿ ಕಥೆ ಇರುದು ಇಲ್ಲಿ. ನಮ್ಮಲ್ಲಿಗೆ ಬರುವವರು ಎರಡು ಜಾತಿ, ಒಂದು ಕೃಷ್ಣ ಮಠಕ್ಕೆ ಬರುವವರು, ಇನ್ನೊಂದು ಮೀನಿಗೆ ಬರುವವರು. ಮಠಕ್ಕೆ ಬಂದವರು ಫೋನಲ್ಲಿ ಮೊದಲು ಕೇಳುದೇ "ಅಕ್ಕಾ, ಆ ಪಾತ್ರೆಯಲ್ಲಿ ಮೀನು ಮಾಡಿದ್ದೀರಾ?" ಅಂತ. ಅದು ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಕಾವಲಿ, ಬಾಣಲೆ, ಚೂರಿ, ಕತ್ತರಿಸುವ ಹಲಗೆ, ಸೌಟು, ಮಿಕ್ಸಿ ಜಾರು ಎಲ್ಲವೂ ಎರಡೆರಡು, ಮೀನಿನದ್ದಕ್ಕೆ ಕೆಂಪು ಪೈಂಟಿನ ಗುರುತು, ಅದನ್ನು ಬೇರೆಯೇ ಕಪಾಟಿನಲ್ಲಿಟ್ಟು ಬೀಗ, ಮಾಂಸಾಹಾರಿಗಳು ಬಂದ್ರೆ ಮಾತ್ರ ಆ ಕೀ ಕೊಡುದು. ಖರ್ಚು ಡಬಲ್ ಅಂತ ನಮ್ಮವರು ಗೊಣಗಿದ್ರು, ಆದ್ರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಸಮಯ ನೋಡಿ, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ, ಉಡುಪಿಯಲ್ಲಿ ರೂಮು ಸಿಗುದಿಲ್ಲ, ಆಗ ಬರುವ ಕುಟುಂಬಗಳಿಗೆ ಎಸಿಗಿಂತ ಈ ಕಪಾಟು ಮುಖ್ಯ.

ಮೀನಿನವರಿಗೆ ಒಂದೇ ಮಾತು ಹೇಳಿ, ಅಂಜಲ್ ಆಗ್ಲಿ ಬಂಗುಡೆ ಆಗ್ಲಿ ಮಾರ್ಕೆಟಲ್ಲೇ ಕ್ಲೀನ್ ಮಾಡಿಸಿ ತನ್ನಿ. ಆದ್ರೂ ಕೆಲವರಿಗೆ ತಾವೇ ಮಾಡುವ ಹುಮ್ಮಸ್ಸು, ಅವರಿಗಾಗಿ ಹಿಂದೆ ಬಾವಿಕಟ್ಟೆಯಿಂದ ದೂರ ಒಂದು ಕಲ್ಲು, ಗಟ್ಟಿ ಮುಚ್ಚಳದ ಬಕೆಟ್, ಇಲ್ಲಾಂದ್ರೆ ಊರಿನ ಬೆಕ್ಕೆಲ್ಲ ನಿಮ್ಮ ಅಂಗಳದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, 61 ದಿನ, ಅದನ್ನು ಬುಕಿಂಗ್ ಮಾಡುವಾಗಲೇ ತಿಳಿಸಿ, ಆಮೇಲೆ ಅಂಜಲ್ ಎಲ್ಲಿ ಅಂತ ನಮ್ಮನ್ನು ಕೇಳುದು ಬೇಡ. ಆ ಹೊತ್ತಿಗೆ ಸೇಂಟ್ ಮೇರಿಸ್ ದ್ವೀಪಕ್ಕೂ ಬೋಟ್ ಇರುದಿಲ್ಲ.

ಕುಚ್ಚಲಕ್ಕಿ ಒಂದು ಡಬ್ಬಿ ಇಟ್ರೆ ಬೆಂಗಳೂರಿನವರಿಗೆ ಖುಷಿ, ಆದ್ರೆ ಡಬ್ಬಿ ಮೇಲೆ ಬರೆದಿಡಿ, ಇದು ಎರಡು ವಿಷಲಿಗೆ ಬೇಯುವ ಅಕ್ಕಿ ಅಲ್ಲ ಅಂತ.

ಚಂದ ಅಲ್ಲದ, ಆದ್ರೆ ಬಿಡ್ಲಿಕ್ಕಾಗದ ಖರ್ಚು ಕೆಲವು ಉಂಟು. ಮೈನ್ ಬೋರ್ಡಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದ್ರೆ ಕರೆಂಟು ಸೋರಿದ್ರೆ ತಕ್ಷಣ ಲೈನು ಕಡಿಯುವ ಸ್ವಿಚ್ಚು, ಯಾಕಂದ್ರೆ ಒದ್ದೆ ಕಾಲಲ್ಲಿ ಬಂದು ಸ್ವಿಚ್ ಹಾಕುವವರೇ ಜಾಸ್ತಿ. ಇನ್ವರ್ಟರ್. ಗೋಡೆಗೆ ದೊಡ್ಡಕ್ಷರದಲ್ಲಿ 112 ನಂಬರು, ಮಳೆಗಾಲದಲ್ಲಿ ಸಮುದ್ರಕ್ಕೆ ಇಳೀಬೇಡಿ ಅನ್ನುದು. ತೆಂಗಿನಮರದಡಿ ಕಾರು ನಿಲ್ಲಿಸ್ಬೇಡಿ ಅಂತ ಬೋರ್ಡು ಹಾಕಿ, ಸೀಸನ್ನಿಗೆ ಮೊದಲು ಕಾಯಿ ತೆಗೆಸಿಯೂ ಬಿಡಿ, ಬೋರ್ಡು ಓದುವವರು ಯಾರು ಹೇಳಿ. ಮಣಿಪಾಲದಲ್ಲಿ ಓದುವ ಮಕ್ಕಳನ್ನು ನೋಡ್ಲಿಕ್ಕೆ ವಿದೇಶದವರೂ ಬರ್ತಾರೆ, ಅವರು ಬಂದ 24 ಗಂಟೆಯೊಳಗೆ ಅವರ ವಿವರ ಸರ್ಕಾರದ ಫಾರ್ಮಲ್ಲಿ ಆನ್‌ಲೈನಲ್ಲಿ ತುಂಬಬೇಕು, ಹಾಗಾಗಿ ಪಾಸ್‌ಪೋರ್ಟು ವೀಸಾದ ಫೋಟೋ ಬಾಗಿಲಲ್ಲೇ ತಕೊಳ್ಳಿ.

ಜಗಲಿಗೆ ಪ್ಲಾಸ್ಟಿಕ್ ಕುರ್ಚಿ ಸಾಕು. ಬೆತ್ತದ್ದು ಬೇಕು ಅಂತ ನಮ್ಮವರದ್ದು ಹಠ, ಚಂದ ಉಂಟು ನಿಜ, ಆದ್ರೆ ಜೋರು ಮಳೆಯ ಆಟಿ ತಿಂಗಳಲ್ಲಿ ಅದನ್ನು ದಿನಾ ಒರೆಸುದು ಯಾರು, ನಾನಾ?

ಕೊನೆಗೆ ನೀರು. ಕಡಲ ಬದಿಯ ಬಾವಿ ಏಪ್ರಿಲ್ ಮೇಯಲ್ಲಿ ಉಪ್ಪಾಗ್ತದೆ, ಫಿಲ್ಟರ್ ಉಂಟಲ್ಲ ಅಂತ ಸುಮ್ಮನೆ ಕೂರ್ಬೇಡಿ, ಯುವಿ ಫಿಲ್ಟರ್ ಕ್ರಿಮಿ ಕೊಲ್ತದೆ, ಉಪ್ಪು ತೆಗೆಯುದಿಲ್ಲ, ಅದಕ್ಕೆ ಆರ್‌ಒ ಬೇಕು. ಗೀಸರಿನ ಕಾಯಿಲ್ ಹೋಗುದೂ ಇದೇ ನೀರಿಗೆ. ರಜೆ ಸೀಸನ್ನಿನ ಬುಕಿಂಗ್ ತಕೊಳ್ಳುವ ಮೊದಲು ಒಂದು ಲೋಟ ಬಾವಿನೀರು ನೀವೇ ಕುಡಿದು ನೋಡಿ, ಉಪ್ಪು ಅನಿಸಿದ್ರೆ 20 ಲೀಟರಿನ ಕ್ಯಾನಿನವನಿಗೆ ಆಗಲೇ ಫೋನ್ ಮಾಡಿ ಹೇಳಿಡಿ, ಮೇ ತಿಂಗಳಲ್ಲಿ ಅವ ಫೋನ್ ಎತ್ತುದಿಲ್ಲ.