ಸ್ಟವ್ ನನ್ನದು, ಪಾತ್ರೆ ಅವನದು

ಅವನ ಹೆಸರು ಬಂದರೆ ನಾನು ಮಾತು ಬದಲಿಸುತ್ತಿದ್ದೆ. ಅವನೂ ಅಷ್ಟೇ. ಬೆಟ್ಟ ಹತ್ತುವ ನಮ್ಮ ಬಳಗದಲ್ಲಿ ಹೊಸ ಹುಡುಗರಿಗೆ ಇಬ್ಬರು ಹೀರೋಗಳು, ಒಬ್ಬ ನಾನು, ಇನ್ನೊಬ್ಬ ಅವನು. ನಾನು ಒಂದು ಬಂಡೆ ಹತ್ತಿದರೆ ಅವನು ಅದನ್ನೇ ಇನ್ನೂ ಕಷ್ಟದ ದಾರಿಯಲ್ಲಿ ಹತ್ತಿ ತೋರಿಸಬೇಕು. ಈ ಹಟಕ್ಕೆ ಬಂಡೆ ಮಾತ್ರ ಕಾರಣ ಆಗಿರಲಿಲ್ಲ. ಅವಳು ಮೊದಲು ನನ್ನ ಜೊತೆ ಇದ್ದಳು, ಆಮೇಲೆ ಅವನ ಜೊತೆ. ಕೊನೆಗೆ ಇಬ್ಬರನ್ನೂ ಬಿಟ್ಟು ತನ್ನ ಪಾಡಿಗೆ ತಾನು ಹತ್ತುತ್ತಿದ್ದಳು, ನಮ್ಮಿಬ್ಬರಿಗಿಂತ ಚೆನ್ನಾಗಿಯೇ ಹತ್ತುತ್ತಿದ್ದಳು.

ಆ ಅವಳು ಎತ್ತರದ ಕ್ಯಾಂಪಿನಲ್ಲಿ, ಟೆಂಟಿನೊಳಗೆ, ಮಲಗಿದಲ್ಲೇ ತೀರಿಕೊಂಡಳು. ಹೊರಗೆ ಹಿಮ ಸುರಿಯುತ್ತಿತ್ತಂತೆ. ತಂಡದವರು ಪಕ್ಕದ ಟೆಂಟುಗಳಲ್ಲೇ ಇದ್ದರು, ಯಾರಿಗೂ ಗೊತ್ತಾಗಲಿಲ್ಲ. ಎತ್ತರದ ಕಾಯಿಲೆ ಅಂದರು ಎಲ್ಲರೂ. ಕಾಗದದಲ್ಲೂ ಹಾಗೇ ಬರೆದಿತ್ತು.

ನನಗೆ ಒಪ್ಪಿಗೆಯಾಗಲಿಲ್ಲ. ಅವನ ಜೊತೆ ಸೇರಿದ ಮೇಲೆ ಅವಳು ಅವಸರ ಕಲಿತಳು, ಮೈ ಎತ್ತರಕ್ಕೆ ಒಗ್ಗುವ ಮೊದಲೇ ಮೇಲೆ ಹೋಗುವ ಅವನ ಚಾಳಿಯೇ ಅವಳನ್ನು ಕೊಂದಿತು ಅಂತ ನಾನು ಒಳಗೊಳಗೇ ಕುದಿಯುತ್ತಿದ್ದೆ. ಅವನ ಸಂಶಯ ನನ್ನ ಮೇಲಿತ್ತು. ಅವಳ ಹತ್ತಿರ ಇದ್ದ ಸ್ಟವ್ ನನ್ನದು, ಹಿಂದೆ ನಾನೇ ಕೊಟ್ಟಿದ್ದು. ಅದು ಕೆಟ್ಟಿತ್ತು ಅನ್ನೋದು ಅವನ ಲೆಕ್ಕ.

ಇಬ್ಬರೂ ಬೇರೆಬೇರೆಯಾಗಿ ಅವಳ ಅಕ್ಕನ ಹತ್ತಿರ ಹೋಗಿ ಅವಳ ಸಾಮಾನು ನೋಡಬೇಕು ಅಂತ ಕೇಳಿದೆವು. ಅಕ್ಕ ನಮ್ಮಿಬ್ಬರ ಜಗಳ ಚೆನ್ನಾಗಿ ಬಲ್ಲವರು. "ಇಬ್ರೂ ಒಟ್ಟಿಗೆ ಕೂತು ನೋಡೋದಾದ್ರೆ ಕೊಡ್ತೀನಿ. ಇಲ್ಲಾಂದ್ರೆ ಇಬ್ರಿಗೂ ಇಲ್ಲ" ಅಂದುಬಿಟ್ಟರು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಅವಳ ಬ್ಯಾಗನ್ನು ನಡುವೆ ಇಟ್ಟುಕೊಂಡು ನಾವು ಎದುರುಬದುರು ಕೂತೆವು. "ನೀವು ಮೊದಲು ಏನನ್ನೂ ಮುಟ್ಟಬೇಡಿ, ನಾನು ಫೋಟೋ ತೆಗೀತೀನಿ" ಅಂದ. ಅಂಥ ಗೌರವದ ಮಾತು ಅವನ ಬಾಯಲ್ಲಿ ನಾನು ಕೇಳಿದ್ದೇ ಮೊದಲು.

ಮೊದಲು ಸ್ಟವ್ ಹಚ್ಚಿದ. ಜ್ವಾಲೆ ನೀಲಿಯಾಗಿ, ಒಂದೇ ಸಮ ಉರಿಯಿತು. ಗ್ಯಾಸ್ ಸೋರಿಕೆ ಇಲ್ಲ, ಬರ್ನರಿನಲ್ಲಿ ಕಸ ಇಲ್ಲ. ಅವನು ಮೂರು ಸಲ ಆರಿಸಿ ಹಚ್ಚಿ ನೋಡಿದ, ಏನಾದರೂ ತಪ್ಪು ಸಿಗಲಿ ಅನ್ನೋ ಆಸೆ ಮುಖದಲ್ಲೇ ಕಾಣುತ್ತಿತ್ತು. ಸಿಗಲಿಲ್ಲ.

ಆಮೇಲೆ ಅವಳ ಪುಟ್ಟ ನೋಟ್‌ಬುಕ್ಕು. ಅದರಲ್ಲಿ ಯಾವ ದಿನ ಎಷ್ಟು ಎತ್ತರ, ಎಲ್ಲಿ ಮಲಗಿದ್ದು, ನಾಡಿ ಎಷ್ಟು ಅಂತ ಎಲ್ಲ ಬರೆದಿದ್ದಳು. ಅವಸರ ಮಾಡಿರಲೇ ಇಲ್ಲ. ಕ್ಯಾಂಪಿನಿಂದ ಕ್ಯಾಂಪಿಗೆ ನಿಧಾನವಾಗಿ ಏರಿದ್ದಳು, ಕೊನೆಯ ಕ್ಯಾಂಪಿನಲ್ಲೂ ಕೆಲವು ದಿನ ನಿಂತಿದ್ದಳು. ನನ್ನ ಆರೋಪವೂ ಅಲ್ಲಿಗೆ ಬಿದ್ದುಹೋಯಿತು. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆವು.

ಕೊನೆಯ ಪುಟಗಳನ್ನು ಅವನು ಜೋರಾಗಿ ಓದಿದ. ತಲೆನೋವು, ಓಕರಿಕೆ, ಸುಸ್ತು. ಎತ್ತರದ ಕಾಯಿಲೆಯಲ್ಲೂ ಇದೇ ಆಗುತ್ತದೆ, ಅದಕ್ಕೇ ಯಾರೂ ಬೇರೆ ಯೋಚನೆ ಮಾಡಿರಲಿಲ್ಲ. ಆದರೆ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: "ಹೊರಗೆ ಸ್ವಲ್ಪ ಓಡಾಡಿದೆ, ತಲೆ ಹಗುರ. ಒಳಗೆ ಬಂದು ನೀರು ಕಾಯಿಸಿದೆ, ಮತ್ತೆ ಶುರು." ಇನ್ನೊಮ್ಮೆ ಓದು ಅಂದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಮೇಲೆ ಬಂದ ಮೊದಲ ದಿನವೇ ಕಾಣಿಸಿಕೊಂಡು, ಅಲ್ಲೇ ನಿಂತು ಸುಧಾರಿಸಿಕೊಂಡರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಟೆಂಟಿನಿಂದ ಹೊರಗೆ ಹೆಜ್ಜೆ ಇಟ್ಟ ಕೂಡಲೇ ಕಡಿಮೆಯಾಗಿ, ಒಳಗೆ ಬಂದ ಕೂಡಲೇ ಏರುವುದಿಲ್ಲ. ಅದರ ಮುಂದಿನ ಪುಟದಲ್ಲಿ ಅಕ್ಷರಗಳೇ ಜಾರಿಹೋಗಿದ್ದವು. ಅಷ್ಟು ಅಚ್ಚುಕಟ್ಟಾಗಿ ಬರೆಯುತ್ತಿದ್ದವಳ ಸಾಲು ಓರೆಯಾಗಿ ಹೋಗಿ ಅರ್ಧಕ್ಕೆ ನಿಂತಿತ್ತು.

ಅವನಿಗೆ ಧ್ರುವಯಾತ್ರೆಗಳ ಕಥೆ ಅಂದರೆ ಹುಚ್ಚು. ತಟ್ಟನೆ ರಿಚರ್ಡ್ ಬರ್ಡ್ ವಿಷಯ ತೆಗೆದ. 1934ರಲ್ಲಿ ಅಂಟಾರ್ಕ್ಟಿಕಾದ ಚಳಿಗಾಲದಲ್ಲಿ, ಹಿಮದಡಿಯ ಗುಡಿಸಲಿನಲ್ಲಿ ಬರ್ಡ್ ಒಬ್ಬನೇ ಇದ್ದ. ಒಲೆ ಮತ್ತು ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಅವನನ್ನು ಸಾಯುವ ಸ್ಥಿತಿಗೆ ತಂದಿತ್ತು. ದೂರದ ಶಿಬಿರದವರಿಗೆ ಅನುಮಾನ ಬಂದದ್ದು ಅವನು ರೇಡಿಯೋದಲ್ಲಿ ಕಳಿಸುತ್ತಿದ್ದ ಸಂದೇಶ ತಡವರಿಸತೊಡಗಿದ್ದರಿಂದ. ಆಗಸ್ಟಿನಲ್ಲಿ ಹೋಗಿ ಉಳಿಸಿಕೊಂಡರು. ಇಷ್ಟು ಹೇಳಿ ಅವನು ಆ ಓರೆ ಸಾಲಿನ ಮೇಲೆ ಬೆರಳಿಟ್ಟ. ಇವಳ ಸಂದೇಶ ಓದುವವರು ಯಾರೂ ಇರಲಿಲ್ಲ, ಅಲ್ವಾ?

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟು ಜಾಸ್ತಿ ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟದ ಅರ್ಧ. ಮೊದಲೇ ಕಡಿಮೆ ಇರುವ ಆಮ್ಲಜನಕದ ಜಾಗವನ್ನೂ ಇದು ಕಿತ್ತುಕೊಂಡರೆ ಏನು ಉಳಿಯುತ್ತದೆ?

ಆದರೆ ಸ್ಟವ್ ಸರಿ ಇತ್ತಲ್ಲ. ಹಾಗಾದರೆ ವಿಷ ಎಲ್ಲಿಂದ ಬಂತು? ಈ ಪ್ರಶ್ನೆಗೆ ನನ್ನೊಬ್ಬನಿಂದ ಉತ್ತರ ಸಿಗುತ್ತಿರಲಿಲ್ಲ, ಅವನೊಬ್ಬನಿಂದಲೂ ಇಲ್ಲ. ಅವಳಿಗೆ ಮಲಗುವಾಗ ಮುಖಕ್ಕೆ ತಣ್ಣನೆ ಗಾಳಿ ತಾಗಬಾರದು, ಟೆಂಟಿನ ಗಾಳಿಕಿಂಡಿಗೆ ಟೋಪಿ ತುರುಕಿ ಮುಚ್ಚುತ್ತಿದ್ದಳು. ಅದು ನನಗೆ ಗೊತ್ತಿತ್ತು. ಅವನು ಬೇಡ ಅಂದು ಜಗಳವಾಡುತ್ತಿದ್ದನಂತೆ, ಹಾಗಾಗಿ ಅವನ ಮುಂದೆ ಬಿಟ್ಟಿದ್ದಳು, ಒಬ್ಬಳೇ ಇದ್ದಾಗ ಮತ್ತೆ ಶುರು ಮಾಡಿರಬೇಕು. ಇನ್ನು ಪಾತ್ರೆ. ಬ್ಯಾಗಿನಲ್ಲಿದ್ದದ್ದು ನನಗೆ ಪರಿಚಯವಿದ್ದ ಹಳೆಯ ಅಲ್ಯೂಮಿನಿಯಂ ಪಾತ್ರೆ ಅಲ್ಲ. ಅಗಲ ತಳದ ಹೊಸದು, ಬೇಗ ಕಾಯಲಿ ಅಂತ ತಳಕ್ಕೆ ಸುತ್ತ ಲೋಹದ ಪಟ್ಟಿ ಇರುವಂಥದು. "ಇದು ನಾನು ಕೊಡಿಸಿದ್ದು" ಅಂದ, ದನಿ ತಗ್ಗಿತ್ತು. ಅದನ್ನು ನನ್ನ ಸ್ಟವ್ ಮೇಲೆ ಇಟ್ಟೆ. ತಳ ಬರ್ನರಿಗೆ ತಾಗುವಷ್ಟು ಕೆಳಗೆ ಕೂತಿತು. ಜ್ವಾಲೆಗೆ ಏಳಲು ಜಾಗವೇ ಇಲ್ಲ. ಬೆಂಕಿ ಪೂರ್ತಿ ಉರಿಯುವ ಮೊದಲೇ ತಣ್ಣನೆ ತಳಕ್ಕೆ ತಾಗಿ ಆರಿದರೆ ಅರ್ಧ ಸುಟ್ಟ ಅನಿಲ ಉಳಿಯುತ್ತದೆ, ಅದೇ ಕಾರ್ಬನ್ ಮೊನಾಕ್ಸೈಡ್. ಒಳಗೆ ಹಿಮ ತುಂಬಿದ್ದರೆ ತಳ ಬೇಗ ಬಿಸಿಯೇ ಆಗುವುದಿಲ್ಲ.

ಮಧ್ಯಾಹ್ನ ಅವನ ಮನೆಯ ಹಿಂದಿನ ಬಯಲಲ್ಲಿ ಅದೇ ಟೆಂಟ್ ಹಾಕಿದೆವು. ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಅಂತ ಅಳೆದು ಫೋನಿಗೆ ಅಂಕಿ ಕಳಿಸುವ ಒಂದು ಮೀಟರನ್ನು ಒಳಗೆ, ಮಲಗಿದರೆ ತಲೆ ಬರುವ ಜಾಗದಲ್ಲಿ ನೇತುಹಾಕಿದೆವು. ಮೇಲೆ ಹೊದಿಸಿದ ಬಟ್ಟೆಗೆ ನೀರು ಚಿಮುಕಿಸಿದೆವು, ಹಿಮ ಮೆತ್ತಿಕೊಂಡ ಬಟ್ಟೆಯಲ್ಲಿ ಗಾಳಿ ಆಡುವುದಿಲ್ಲವಲ್ಲ, ಹಾಗೆ. ಮೊದಲು ನನ್ನ ಹಳೆಯ ಪಾತ್ರೆ, ಕಿಂಡಿ ತೆರೆದು. ಅಂಕಿ ಹೆಚ್ಚು ಏರಲಿಲ್ಲ. ನಾನು ಇಷ್ಟು ಸಾಕು ಅಂದರೆ ಅವನು ಬಿಡಲಿಲ್ಲ, ಹಳೆಯ ಪಾತ್ರೆ ಕಿಂಡಿ ಮುಚ್ಚಿ ಒಮ್ಮೆ, ಹೊಸ ಪಾತ್ರೆ ಕಿಂಡಿ ತೆರೆದು ಒಮ್ಮೆ, ಪ್ರತಿ ಸಲ ಟೆಂಟ್ ಪೂರ್ತಿ ಗಾಳಿಯಾಡಿಸಿ ಮತ್ತೆ ಹೊಸದಾಗಿ. ಅವನು ನನ್ನನ್ನು ನಂಬುತ್ತಿರಲಿಲ್ಲ, ನಾನು ಅವನನ್ನು ನಂಬುತ್ತಿರಲಿಲ್ಲ, ಆ ಕಾರಣಕ್ಕೇ ಒಂದೂ ಅಂಕಿ ಇಬ್ಬರ ಕಣ್ಣು ತಪ್ಪಿಸಿಕೊಳ್ಳಲಿಲ್ಲ. ಇಷ್ಟು ಹುಷಾರಾಗಿ ಗೆಳೆಯರು ಕೆಲಸ ಮಾಡುತ್ತಿರಲಿಲ್ಲ ಅಂತ ನಾನು ಈಗಲೂ ನಂಬಿದ್ದೇನೆ.

ಕೊನೆಗೆ ಹೊಸ ಪಾತ್ರೆ, ಪುಡಿ ಮಾಡಿದ ಐಸ್, ಕಿಂಡಿ ಮುಚ್ಚಿ. ಅಲಾರಂ ಹೊಡೆದುಕೊಂಡಿತು. ಅಂಕಿ 400 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 400 ಭಾಗ, ದಾಟಿ ಏರುತ್ತಲೇ ಇತ್ತು. ಆ ಮಟ್ಟದಲ್ಲಿ ಒಂದೆರಡು ಗಂಟೆ ಇದ್ದರೆ ಸಮುದ್ರಮಟ್ಟದಲ್ಲೇ ಆರೋಗ್ಯವಂತರಿಗೂ ತಲೆ ಸಿಡಿಯುತ್ತದೆ. "ಆಫ್ ಮಾಡೋ, ಸಾಕು" ಅಂದ. ನಾನು ಉಸಿರು ಬಿಗಿಹಿಡಿದು ಟೆಂಟಿನ ಜಿಪ್ ಎಳೆದು ಸ್ಟವ್ ಆರಿಸಿದೆ. ತಿರುಗಿ ನೋಡಿದರೆ ಅವನು ಅಳುತ್ತಿದ್ದ. ನಾನೂ ಅತ್ತೆ.

ಇದೆಲ್ಲ ನಮ್ಮ ಊಹೆಗೆ ಬಲ ಅಷ್ಟೇ, ಪುರಾವೆ ಅಲ್ಲ. ದೇಹದ ಮೇಲೆ ಗುಲಾಬಿ ಕೆಂಪು ಕಲೆ ಇತ್ತು ಅಂತ ವರದಿಯಲ್ಲಿತ್ತು, ಈ ವಿಷದಿಂದ ಸತ್ತವರಲ್ಲಿ ಅದು ಕಾಣುತ್ತದೆ, ಆದರೆ ಚಳಿಯಲ್ಲಿ ಇದ್ದ ದೇಹಕ್ಕೂ ಆ ಬಣ್ಣ ಬರುತ್ತದೆ. ರಕ್ತವೇ ಹೇಳಬೇಕಿತ್ತು. ಅದೃಷ್ಟಕ್ಕೆ ಶವಪರೀಕ್ಷೆಯಲ್ಲಿ ತೆಗೆದಿಟ್ಟ ರಕ್ತ ಇನ್ನೂ ಇತ್ತು. ಮುಚ್ಚಿಟ್ಟ ರಕ್ತದಲ್ಲಿ ಈ ವಿಷ ತುಂಬಾ ದಿನ ಉಳಿಯುತ್ತದೆ. ಅಕ್ಕ ಅರ್ಜಿ ಕೊಟ್ಟರು, ನಾವಿಬ್ಬರೂ ಬೆನ್ನುಬಿದ್ದು ಓಡಾಡಿದೆವು. ಫಲಿತಾಂಶ ಬಂದಾಗ ಅವಳ ಹಿಮೋಗ್ಲೋಬಿನ್ನಿನ ಅರ್ಧಕ್ಕಿಂತ ಜಾಸ್ತಿ ಕಾರ್ಬನ್ ಮೊನಾಕ್ಸೈಡ್ ಹಿಡಿದುಕೊಂಡಿತ್ತು.

ಅಕ್ಕನಿಗೆ ಹೇಳಲು ಒಟ್ಟಿಗೇ ಹೋದೆವು. ಸ್ಟವ್ ಯಾರದು, ಪಾತ್ರೆ ಯಾರದು ಅನ್ನೋದನ್ನೂ ಹೇಳಿದೆವು. ಅವರು ಯಾರನ್ನೂ ಬಯ್ಯಲಿಲ್ಲ. "ಅವಳು ಮೇಲೆ ಹೋಗೋಕೆ ಆಗದೆ ಸತ್ತಳು ಅಂತ ಎಲ್ಲರೂ ಅಂದ್ಕೊಂಡಿದ್ರು. ಅವಳಿಗೆ ಆ ಬೆಟ್ಟ ಆಗ್ತಿತ್ತು, ಅಲ್ವಾ?" ಅಂತ ಕೇಳಿದರು. ಆಗ್ತಿತ್ತು ಅಂದೆವು ಇಬ್ಬರೂ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ.

ನಾವಿಬ್ಬರೂ ಇವತ್ತಿಗೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹತ್ತಿಲ್ಲ. ಆದರೆ ಬಳಗಕ್ಕೆ ಹೊಸಬರು ಬಂದಾಗ ಟೆಂಟಿನ ಪಾಠ ಇಬ್ಬರೂ ಸೇರಿಯೇ ಮಾಡುತ್ತೇವೆ. ಒಂದು ಕಂಪನಿಯ ಸ್ಟವ್ ಮೇಲೆ ಇನ್ನೊಂದು ಕಂಪನಿಯ ಪಾತ್ರೆ ಇಡಬೇಡಿ, ತಳ ಎಷ್ಟು ಎತ್ತರದಲ್ಲಿದೆ ನೋಡಿ ಅಂತ ಅವನು ತೋರಿಸುತ್ತಾನೆ. ಸ್ಟವ್ ಟೆಂಟಿನ ಹೊರಗೇ ಇರಲಿ, ಎಷ್ಟೇ ಚಳಿಯಾದರೂ ಕಿಂಡಿ ಮುಚ್ಚಬೇಡಿ, ಮೆತ್ತಿದ ಹಿಮ ಕೊಡವುತ್ತಿರಿ, ಹೊರಗೆ ಬಂದಾಗ ತಲೆನೋವು ಇಳಿದರೆ ಮತ್ತೆ ಒಳಗೆ ಹೋಗದೆ ಜೊತೆಯವರನ್ನು ಕೂಗಿ ಅಂತ ನಾನು ಹೇಳುತ್ತೇನೆ.