ಹೊನ್ನೆ ಬಳಿಯ ಹಾದಿ

ತಂಗಿಯ ಮಗಳ ಒತ್ತಾಯಕ್ಕೆ ಮಣಿದು ಉಗುಳಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದ್ದೆ. ಬಂದ ವರದಿಯಲ್ಲಿ ನನ್ನ ತಾಯಿಯ ಕಡೆಯ ವಂಶಕ್ಕೆ ‘ಎಂ42ಬಿ’ ಎಂಬ ಹೆಸರಿತ್ತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದೊಳಗಿರುವ 16,569 ಅಕ್ಷರಗಳ ಪುಟ್ಟ ಡಿಎನ್‌ಎಯನ್ನು ಓದಿ ಕೊಟ್ಟ ಹೆಸರದು; ಆ ಡಿಎನ್‌ಎ ತಾಯಿಯಿಂದಲೇ ಬರುತ್ತದೆ. ಗಂಡಸರು ಅದನ್ನು ಹೊತ್ತು ತಿರುಗುತ್ತಾರೆಯೇ ಹೊರತು ತಮ್ಮ ಮಕ್ಕಳಿಗೆ ದಾಟಿಸಲಾರರು. ಭಾರತದಲ್ಲಿ ‘ಎಂ’ ಎಂಬ ದೊಡ್ಡ ಕವಲಿಗೆ ಸೇರಿದವರೇ ಅರ್ಧಕ್ಕಿಂತ ಹೆಚ್ಚು, ಆದರೆ ಅದರ ಈ ಟಿಸಿಲು ಬಲು ಅಪರೂಪ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಸಂಶೋಧಕರು 26 ಬುಡಕಟ್ಟುಗಳ 966 ಜನರ ಮೈಟೊಕಾಂಡ್ರಿಯ ಡಿಎನ್‌ಎಯನ್ನು ಪೂರ್ತಿಯಾಗಿ ಓದಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದುವರೆಗೆ ಆಸ್ಟ್ರೇಲಿಯದ ಮೂಲನಿವಾಸಿಗಳದ್ದೇ ಎಂದುಕೊಂಡಿದ್ದ ಎಂ42ರ ಎರಡು ಗುರುತುಗಳು ಕಂಡದ್ದು ಏಳೇ ಜನರಲ್ಲಿ. ಅಲ್ಲಿನ ಕವಲೂ ಇಲ್ಲಿನ ಎಂ42ಬಿ ಕವಲೂ ಅಗಲಿದ್ದು ಸುಮಾರು 55,000 ವರ್ಷಗಳ ಹಿಂದೆ, ಹತ್ತು ಸಾವಿರ ವರ್ಷ ಆಚೀಚೆ ಎಂಬುದು ಅವರ ಲೆಕ್ಕ. ಹಾಗೆಂದ ಮಾತ್ರಕ್ಕೆ ನಮ್ಮವರು ಆಸ್ಟ್ರೇಲಿಯದಿಂದ ಬಂದವರಲ್ಲ; ಆಫ್ರಿಕ ಬಿಟ್ಟು ಹೊರಟವರ ಸಂತತಿಯ ಒಬ್ಬ ತಾಯಿಯ ಮಕ್ಕಳಲ್ಲಿ ಕೆಲವರು ಇಲ್ಲಿ ನಿಂತರು, ಕೆಲವರು ಪೂರ್ವಕ್ಕೆ ನಡೆದರು.

ಮೇ ತಿಂಗಳ ಒಂದು ಬೆಳಿಗ್ಗೆ ನಾನೂ ತಂಗಿಯ ಮಗಳಾದ ಈ ಸೊಸೆಯೂ ಶಿವಮೊಗ್ಗದಿಂದ ಹೊರಟೆವು. ಹಳೆಯದನ್ನು ಹುಡುಕುವುದೆಂದರೆ ಹಳೆಯ ಕಲ್ಲುಗಳ ಬಳಿ ಹೋಗುವುದು ಎಂಬ ಭ್ರಮೆಯಲ್ಲಿ ನಾನು ಮೊದಲು ಕಾರನ್ನು ಹೊಸನಗರ ತಾಲ್ಲೂಕಿನ ನಿಲಸ್ಕಲ್ಲಿಗೆ ತಿರುಗಿಸಿದೆ. ಬೃಹತ್ ಶಿಲಾಯುಗದ ಜನ ನಿಲ್ಲಿಸಿಹೋದ ಚಪ್ಪಟೆ ಬಂಡೆಗಳು ಅಲ್ಲಿ ಮರಗಳ ನಡುವೆ ಚದುರಿ ನಿಂತಿವೆ. ಅವುಗಳಲ್ಲಿ ಕೆಲವು ಜೋಡಿಗಳ ಸಾಲು ಹಗಲು ಅತಿ ಉದ್ದ ಮತ್ತು ಅತಿ ಗಿಡ್ಡವಾಗಿರುವ ದಿನಗಳ ಸೂರ್ಯನ ಹುಟ್ಟು–ಮುಳುಗುಗಳ ದಿಕ್ಕಿಗೆ ಹೊಂದುತ್ತದೆಂದು ಸಂಶೋಧಕರು ತೋರಿಸಿದ್ದಾರೆ. ಆದರೆ ಅವು ಎರಡು ಮೂರು ಸಾವಿರ ವರ್ಷಗಳ ಈಚಿನವು. ನಾನು ಹುಡುಕುತ್ತಿದ್ದ ಕಾಲದ ಮುಂದೆ ಅವು ನಿನ್ನೆ ಮೊನ್ನೆಯವು ಎಂದು ಸೊಸೆ ನಕ್ಕಳು. ಸಾಗರದ ದಾರಿ ಹಿಡಿದೆವು.

ಸಾಗರದಾಚೆಯ ಹಳ್ಳಿಯಲ್ಲಿ ನನ್ನ ತಾಯಿಯ ಅಕ್ಕ, ದೊಡ್ಡಮ್ಮ, ಇದ್ದಾರೆ. ಜಂಬಿಟ್ಟಿಗೆಯ ಗೋಡೆ, ಅಂಗಳದಲ್ಲಿ ಒಣಗಲು ಹರವಿದ ಅಡಿಕೆ ಸಿಪ್ಪೆ, ಜಗಲಿಯ ಮೇಲೆ ಎಲೆ ತಟ್ಟೆ. ತಂದೆಯ ಕಡೆಯ ಹಿರಿಯರನ್ನು ಹುಡುಕುವವನಿಗೆ ಒಂದೇ ಮನೆ, ಒಂದೇ ಪಹಣಿ ಸಾಕಾಗಬಹುದು; ತಾಯಿಯ ತಾಯಿಯನ್ನು ಹುಡುಕುವವನಿಗೆ ಪ್ರತಿ ತಲೆಮಾರಿಗೂ ಬೇರೆ ಊರು, ಏಕೆಂದರೆ ಹೆಣ್ಣು ಪ್ರತಿ ಸಲವೂ ತವರು ಬಿಟ್ಟು ಬಂದವಳು, ಮತ್ತು ಆಕೆಯ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ನಾನು ವರದಿಯನ್ನು ಸಾವಧಾನವಾಗಿ ವಿವರಿಸಿದೆ. ದೊಡ್ಡಮ್ಮ ಪೂರ್ತಿ ಕೇಳಿ, ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಕೆಳಗಿಟ್ಟರು.

“ಇದಕ್ಕೆ ದುಡ್ಡು ಕೊಟ್ಯಾ ಮಗಾ? ನಂದು ಹೊನ್ನೆ ಬಳಿ, ನಿಮ್ಮವ್ವಂದೂ ಅದೇ, ನಿಂದೂ ಅದೇ, ಈ ಹುಡುಗೀದೂ ಅದೇ. ನಿನ್ನ ಮಗಳದ್ದು ನಿನ್ನ ಹೆಂಡ್ತಿ ಬಳಿ. ಅದ್ರಾಗೆ ನಿಂದೆಂಥದೂ ಇಲ್ಲ.”

ನಮ್ಮವರಲ್ಲಿ ಬಳಿ, ಅಂದರೆ ಕುಲದ ಕವಲು, ತಾಯಿಯಿಂದ ಬರುತ್ತದೆ, ಒಂದೇ ಬಳಿಯವರು ಮದುವೆಯಾಗುವಂತಿಲ್ಲ, ಹೊನ್ನೆ ಬಳಿಯವರು ಹೊನ್ನೆ ಮರಕ್ಕೆ ಕೊಡಲಿ ಹಾಕುವಂತಿಲ್ಲ ಎಂಬುದನ್ನು ನಾನು ಬಾಲ್ಯದಿಂದ ಕೇಳಿದ್ದೆ. ಅದು ವರದಿಯ ಮಾತೇ ಎಂದು ಮಾತ್ರ ಹೊಳೆದಿರಲಿಲ್ಲ. ಬಳಿಗೆ 55,000 ವರ್ಷ ವಯಸ್ಸಿದೆಯೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಆಸೆ ಆ ಜಗಲಿಯ ಮೇಲೆ ಒಂದು ಗಳಿಗೆ ಬಂದದ್ದು ನಿಜ.

ಸಂಜೆ ದೊಡ್ಡಮ್ಮನನ್ನೂ ಕರೆದುಕೊಂಡು ಶರಾವತಿಯ ಹಿನ್ನೀರಿಗೆ, ಹೊಳೆಬಾಗಿಲಿಗೆ ಹೋದೆವು. ಅವರ ತಾಯಿಯ ತವರೂರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಮುಳುಗಡೆಯಾಯಿತು. ಆ ನೀರು ಊರುಗಳ ಜೊತೆಗೆ 1940ರ ದಶಕದಲ್ಲಿ ಕಟ್ಟಿದ್ದ ಮಡೆನೂರು ಅಣೆಕಟ್ಟೆಯನ್ನೂ ನುಂಗಿತು. ಬೇಸಿಗೆ ಬಲವಾದರೆ ಅಣೆಕಟ್ಟೆ ಇಂದಿಗೂ ಮೈದೋರುತ್ತದೆ, ಊರು ಮೈದೋರುವುದಿಲ್ಲ. ನೀರು ಇಳಿದ ಕಡೆ ಕಪ್ಪು ಬೊಡ್ಡೆಗಳು ನಿಂತಿದ್ದವು. ಅಜ್ಜಿಯ ಮನೆಗೆ ಹೋಗುವಾಗ ತಾವು ದಾಟುತ್ತಿದ್ದ ಹಳ್ಳ, ಗದ್ದೆಯ ಬದು, ಚೌಡಿಯ ಬನ ಎಂದು ದೊಡ್ಡಮ್ಮ ನೀರಿನ ಮೇಲೆಯೇ ಬೆರಳು ಓಡಿಸಿ ತೋರಿಸಿದರು.

ಸೊಸೆ ಪುಸ್ತಕ ತೆರೆದು ಹೆಸರು ಬರೆದುಕೊಳ್ಳುತ್ತಿದ್ದಳು. ತಲೆಮಾರಿಗೆ 27 ವರ್ಷ ಹಿಡಿದರೂ ಆ ಕವಲೊಡೆದ ತಾಯಿಯವರೆಗೆ ಸುಮಾರು ಎರಡು ಸಾವಿರ ಹೆಂಗಸರಾಗುತ್ತಾರೆ. ನನ್ನ ತಾಯಿ, ಅಜ್ಜಿ, ಅಜ್ಜಿಯ ತಾಯಿ ಎಂದು ಮೂರು ಹೆಸರಾದವು. ಅವಳ ತಾಯಿ ಯಾರು ಎಂದಾಗ ದೊಡ್ಡಮ್ಮ ಬಹಳ ಹೊತ್ತು ಯೋಚಿಸಿದರು.

“ಹೆಸರು ಯಾರು ಹೇಳ್ತಿದ್ರು? ಕರೂರು ಕಡೆಯಿಂದ ಬಂದವಳಂತೆ, ಎಲ್ರೂ ಆಚೆದಡದವ್ವ ಅಂತಿದ್ರು.”

ಸೊಸೆ ನಾಲ್ಕನೆಯ ಸಾಲಿನಲ್ಲಿ ಅದನ್ನೇ ಬರೆದಳು.